ಫೆವಿಕಾಲ್ ಹಚ್ಚಿ ಅಲನ್ ಪಾರ್ಸನ್ಸ್ ಪ್ರಾಜೆಕ್ಟ್ ಎಲ್‌ಪಿಗಳನ್ನು ಉಳಿಸಿಕೊಂಡೆ

ಎಲ್‌ಪಿಗೆ (ವಿನೈಲ್ ರೆಕಾರ್ಡಿಗೆ) ಕೊಳೆ ಕೀಳಲು ಫೆವಿಕಾಲ್ ಹಚ್ಚುತ್ತೇನೆ ಅಂದಾಗ ನಮ್ಮ ರೆಕಾರ್ಡ್ ಗೆಳೆಯರು ಯಾರೂ ನಂಬಲಿಲ್ಲ. ಈಗ ಬ್ರಿಟಿಷ್ ರಾಕ್ ಗುಂಪು ಅಲನ್ ಪಾರ್ಸನ್ಸ್ ಪ್ರಾಜೆಕ್ಟಿನ 1976ರಿಂದ 1987ರವರೆಗಿನ ಹತ್ತೂ ಆಲ್ಬಮ್ 24 ಬಿಟ್ ಫ್ಲ್ಯಾಕ್ (ಗುಣಮಟ್ಟ ಕೆಡದ ಆಡಿಯೋ ಫೈಲ್) ಆಗಿ ನನ್ನ ಹತ್ತಿರ ಇವೆ. ಅವರೇ ಕಾಪಿ ಕೇಳುತ್ತಿದ್ದಾರೆ.

ಸಿಡಿ ಸಾಲದಾ ಅನ್ನಬಹುದು. ಮೊದಲ ಆಲ್ಬಮ್ ‘ಟೇಲ್ಸ್ ಆಫ್ ಮಿಸ್ಟರಿ ಅಂಡ್ ಇಮ್ಯಾಜಿನೇಶನ್’ ಅನ್ನು ಪಾರ್ಸನ್ಸ್ 1987ರಲ್ಲಿ ಸಿಡಿಗಾಗಿ ಮತ್ತೆ ಮಿಕ್ಸ್ ಮಾಡಿದರು, ಅಂದರೆ ಧ್ವನಿಗಳನ್ನೆಲ್ಲ ಹೊಸದಾಗಿ ಹದಗೊಳಿಸಿ ಬೆರೆಸಿದರು. ನಟ ಆರ್ಸನ್ ವೆಲ್ಸ್ ಅವರ ನಿರೂಪಣೆ ಬಂತು, ಹೊಸ ಗಿಟಾರ್ ಬಂತು, ರಿವರ್ಬ್ (ಅನುರಣನ) ಜಾಸ್ತಿಯಾಯಿತು. 2007ರ ಡೀಲಕ್ಸ್ ಸಿಡಿಯಲ್ಲಿ ಎರಡೂ ಮಿಕ್ಸ್ ಇವೆ, ಆದರೆ ನನಗೆ ಹಳೆ ಎಲ್‌ಪಿಯ ಸದ್ದೇ ಬೇಕಿತ್ತು. ಪಾರ್ಸನ್ಸ್ ಮತ್ತು ಗುಂಪಿನ ಜೊತೆಗಾರ ಎರಿಕ್ ವುಲ್ಫ್‌ಸನ್ ಆ ವರ್ಷಗಳಲ್ಲಿ ಪ್ರವಾಸವನ್ನೇ ಮಾಡಲಿಲ್ಲ. ಹಾಡುಗಾರರು ಹಾಡಿನಿಂದ ಹಾಡಿಗೆ ಬದಲಾಗುತ್ತಿದ್ದರು. ಇಂಥ ಗುಂಪಿನಲ್ಲಿ ಮಿಕ್ಸ್ ಬದಲಾದರೆ ಆಲ್ಬಮ್ಮೇ ಬದಲಾದಂತೆ.

ತೊಂದರೆ ಏನಂದ್ರೆ, ಆ ಆಲ್ಬಮ್ ಶುರುವಾಗುವುದೇ ತುಂಬಾ ಮೆಲ್ಲಗೆ, ಕೊಳೆಯ ಚಟಪಟ ಸದ್ದು ಎದ್ದು ಕೇಳುತ್ತದೆ. ಹೊಸದರಂತಿದೆ ಎಂದು ಹೇಳಿ ಮಾರಿದ ಪ್ರತಿಗೆ ಎರಡು ಸಾವಿರದ ಹತ್ತಿರ ಕೊಟ್ಟಿದ್ದೆ. ಗೆರೆಗಳ ತುಂಬಾ ಬೂಷ್ಟು. ಡಿಸ್ಟಿಲ್ಡ್ ವಾಟರ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ತೊಳೆದೆ. ಧೂಳು ಹೋಯಿತು, ಚಟಪಟ ಹೋಗಲಿಲ್ಲ. ರೆಕಾರ್ಡ್ ತೊಳೆಯುವ ವ್ಯಾಕ್ಯೂಮ್ ಮೆಷಿನ್ ಬೆಲೆ ಕೇಳಿ ಸುಮ್ನಾದೆ. ಸಾಫ್ಟ್‌ವೇರಿನಲ್ಲಿ ಚಟಪಟ ಅಳಿಸುವ ಡಿಕ್ಲಿಕ್ ಹಾಕಿದೆ. ಚಟಪಟದ ಜೊತೆಗೆ ಸ್ನೇರ್ ಡ್ರಮ್ಮಿನ ಏಟೂ ಸತ್ತಿತು. ‘ಐ ರೋಬೋಟ್’ ಆಲ್ಬಮ್ಮಿನ ಸೀಕ್ವೆನ್ಸರ್ (ಸಿಂಥಸೈಜರ್ ಸ್ವರಗಳ ಸರಪಣಿ) ಅಂತೂ ಹತ್ತಿ ತುಂಬಿದ ಹಾಗೆ ಕೇಳಿಸಿತು.

ಅಂಟು ಗೆದ್ದದ್ದು ಇಲ್ಲೇ: ಒಣಗಿದ ಮೇಲೆ ಸಿಪ್ಪೆಯಂತೆ ಕಿತ್ತರೆ ಗೆರೆಯೊಳಗಿನ ಕೊಳೆಯೂ ಅದರ ಜೊತೆ ಬರುತ್ತದೆ. ತೆಳುವಾಗಿ ಸವರಿದರೆ ಚೂರುಚೂರಾಗಿ ಕೀಳುತ್ತದೆ, ಗೆರೆಯಲ್ಲೇ ಉಳಿಯುತ್ತದೆ. ದಪ್ಪ ಇರಬೇಕು. ಲೇಬಲ್‌ಗೆ ತಾಗಬಾರದು. ಅಂಚಿನಲ್ಲಿ ಹಿಡಿದೆಳೆಯಲು ಒಂದು ತುಂಡು ಬಿಡಬೇಕು. ಪೂರ್ತಿ ಪಾರದರ್ಶಕ ಆಗುವವರೆಗೆ ಮುಟ್ಟಬಾರದು. ಮಳೆಗಾಲದಲ್ಲಿ ಒಂದೂವರೆ ದಿನವೂ ಹಿಡಿದಿದೆ. ಎರಡೂ ಮುಖಕ್ಕೆ ಹೆಚ್ಚೂಕಮ್ಮಿ ಐವತ್ತು ರೂಪಾಯಿ ಅಂಟು ಹಿಡಿಯಿತು. ಸಿಪ್ಪೆ ಕಿತ್ತಾಗ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಹುಟ್ಟಿ ಮತ್ತೆ ಧೂಳು ಎಳೆಯುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯ, ಅಂಟಿಗೆ ಬೆರೆಸುವ ಇನ್ನೊಂದು ವಸ್ತು, ಎರಡೂ ಸದ್ಯಕ್ಕೆ ನನ್ನಲ್ಲೇ ಇರಲಿ. ಹಳೆ ಶೆಲ್ಯಾಕ್ ಪ್ಲೇಟ್‌ಗಳಿಗೆ ಮಾತ್ರ ಇದನ್ನು ಹಚ್ಚಲೇಬೇಡಿ.

ಎಲ್‌ಪಿಯಿಂದ ರೆಕಾರ್ಡ್ ಮಾಡಿಕೊಂಡದ್ದನ್ನು ಹಾಡು ಹಾಡಾಗಿ ಕತ್ತರಿಸಲಿಲ್ಲ. ‘ಸಿರಿಯಸ್’ ನೇರವಾಗಿ ‘ಐ ಇನ್ ದ ಸ್ಕೈ’ಗೆ ಸೇರುತ್ತದೆ. ‘ದ ಟರ್ನ್ ಆಫ್ ಎ ಫ್ರೆಂಡ್ಲಿ ಕಾರ್ಡ್’ನ ಎರಡನೇ ಮುಖದಲ್ಲಿ ಸುಮಾರು 16 ನಿಮಿಷದ ಸರಣಿಯೇ ಇದೆ. ಒಂದು ಮುಖಕ್ಕೆ ಒಂದು ಫೈಲ್, ಜೊತೆಗೆ ಕ್ಯೂ ಶೀಟ್ (ಯಾವ ಹಾಡು ಎಲ್ಲಿ ಶುರು ಅಂತ ಹೇಳುವ ಪಟ್ಟಿ). ಪ್ಲೇಯರ್ ಎಲ್ಲೂ ತಡವರಿಸುವುದಿಲ್ಲ.

‘ದ ಸಿಸಿಲಿಯನ್ ಡಿಫೆನ್ಸ್’ ಆಲ್ಬಮ್ ಎಲ್ಲಿಡಬೇಕು ಅಂತ ಜಗಳವೇ ಆಯಿತು. ರೆಕಾರ್ಡ್ ಕಂಪನಿಯೊಂದಿಗೆ ಒಪ್ಪಂದದ ಎಳೆದಾಟ ನಡೆದಾಗ ಅವಸರದಲ್ಲಿ ಮಾಡಿದ್ದು, ಹಾಡುಗಳ ಹೆಸರೆಲ್ಲ ಚೆಸ್ ನಡೆಗಳು, ಬಿಡುಗಡೆಯಾಗಿದ್ದು 2014ರ ಬಾಕ್ಸ್ ಸೆಟ್‌ನಲ್ಲಿ. ನಾನು 1979ರ ‘ಈವ್’ ಪಕ್ಕದಲ್ಲೇ ಇಟ್ಟಿದ್ದೇನೆ, ಧ್ವನಿಮುದ್ರಣ ಆ ಕಾಲದ್ದು ತಾನೇ. 1990ರ ‘ಫ್ರಾಯ್ಡಿಯಾನ’ಕ್ಕೆ ಬೇರೆ ಫೋಲ್ಡರ್. ಪಾರ್ಸನ್ಸ್, ವುಲ್ಫ್‌ಸನ್ ಇಬ್ಬರೂ ಅದರಲ್ಲಿ ದುಡಿದರೂ ಪ್ರಾಜೆಕ್ಟ್ ಹೆಸರಿನಲ್ಲಿ ಅದು ಬರಲಿಲ್ಲ.