ಹಳದಿ ನಕ್ಷತ್ರಕ್ಕೂ ಮೊದಲಿನ ಕಾಗದಗಳು: ನಾನು ಈ ಪಾಠ ಮಾಡುವ ಬಗೆ

ಒಂಬತ್ತನೇ ತರಗತಿಗೆ ನಾಜಿ ಜರ್ಮನಿಯ ಪಾಠ ಮಾಡುವಾಗ ನಾನು ಯೆಹೂದಿಗಳನ್ನು ಕೂಡಿಹಾಕಿ ಕೊಂದ ಕ್ಯಾಂಪುಗಳ ಫೋಟೊ ಮೊದಲಿಗೇ ತೋರಿಸುವುದಿಲ್ಲ. ಅದನ್ನು ನೋಡಿದ ಮೇಲೆ ಮಕ್ಕಳ ಕಿವಿಗೆ ಬೇರೇನೂ ಬೀಳುವುದಿಲ್ಲ. ಸರ್ಕಾರಿ ಕಾಗದಗಳಿಂದ ಶುರು ಮಾಡುತ್ತೇನೆ.

ಬೋರ್ಡಿನ ಮೇಲೆ ಮೊದಲು ಬರೆಯುವುದು 1935. ನ್ಯೂರೆಂಬರ್ಗ್ ಕಾನೂನುಗಳು ಯೆಹೂದಿಗಳ ಪೌರತ್ವದ ಹಕ್ಕು ಕಿತ್ತುಕೊಂಡ ವರ್ಷ. ಸರಿ, ಯೆಹೂದಿ ಅಂದರೆ ಯಾರು? ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನೀವು ಏನು ನಂಬುತ್ತೀರಿ ಅನ್ನುವುದು ಲೆಕ್ಕಕ್ಕೇ ಇರಲಿಲ್ಲ. ನಾಲ್ವರು ಅಜ್ಜ ಅಜ್ಜಿಯರಲ್ಲಿ ಮೂವರು ಯೆಹೂದಿಗಳಾಗಿದ್ದರೆ ಸಾಕು, ನೀವು ಚರ್ಚಿಗೆ ಹೋಗುವವರಾದರೂ ಯೆಹೂದಿಯೇ. "ಅಜ್ಜಿ ಯಾರು ಅಂತ ಅವರಿಗೆ ಹೇಗೆ ಗೊತ್ತಾಯ್ತು ಮಿಸ್?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನನಗೆ ಬೇಕಾದ ಪ್ರಶ್ನೆ ಅದೇ. ಚರ್ಚಿನ ದೀಕ್ಷಾಸ್ನಾನದ ದಾಖಲೆ, ಜನನ-ಮದುವೆ ರಿಜಿಸ್ಟರು. 1939ರ ಜನಗಣತಿಯಲ್ಲಂತೂ ಅಜ್ಜ ಅಜ್ಜಿಯರ ಬಗ್ಗೆಯೇ ಒಂದು ಬೇರೆ ಕಾರ್ಡು ತುಂಬಿಸಿದರು.

ಮುಂದಿನದು ಬೇಗ ಸಾಗುತ್ತದೆ. 1938ರ ಅಕ್ಟೋಬರಿನಲ್ಲಿ ಯೆಹೂದಿಗಳ ಪಾಸ್‌ಪೋರ್ಟಿಗೆ ಕೆಂಪು 'ಜೆ' ಮೊಹರು, ಜರ್ಮನ್ ಭಾಷೆಯಲ್ಲಿ ಯೆಹೂದಿ ಅನ್ನುವ ಪದದ ಮೊದಲಕ್ಷರ. 1939ರ ಜನವರಿಯಿಂದ, ಯೆಹೂದಿಗಳಿಗೆ ಇಂಥ ಹೆಸರು ಅಂತ ಸರ್ಕಾರ ಒಪ್ಪಿದ ಪಟ್ಟಿಯಲ್ಲಿ ಇಲ್ಲದ ಹೆಸರಿನ ಗಂಡಸರು ತಮ್ಮ ಹೆಸರಿಗೆ ಇಸ್ರೇಲ್ ಅಂತ, ಹೆಂಗಸರು ಸಾರಾ ಅಂತ ಸೇರಿಸಿಕೊಳ್ಳಬೇಕು. ಯೆಹೂದಿ ಅಂತ ಗುರುತಿಸಲು ಬಟ್ಟೆಗೆ ಹಾಕಿಸಿದ ಹಳದಿ ನಕ್ಷತ್ರ ಜರ್ಮನಿಗೆ ಬಂದದ್ದು 1941ರ ಸೆಪ್ಟೆಂಬರ್ 19ಕ್ಕೆ. ಆರು ತುಂಬಿದ ಮಗುವೂ ಎದೆಯ ಎಡಗಡೆ ಹೊಲಿದುಕೊಳ್ಳಬೇಕು, ಅದರ ದುಡ್ಡೂ ಅವರೇ ಕೊಡಬೇಕು! ಮುಂದಿನ ತಿಂಗಳೇ ಬರ್ಲಿನ್ನಿನಿಂದ ಯೆಹೂದಿಗಳನ್ನು ತುಂಬಿಕೊಂಡ ರೈಲುಗಳು ಹೊರಟವು.

ಮಕ್ಕಳ ಅಂಗಿಗೆ ನಕ್ಷತ್ರ ಅಂಟಿಸಿ ನಾಟಕ ಆಡಿಸುವವರಿದ್ದಾರೆ. ನಾನು ಆಡಿಸುವುದಿಲ್ಲ. ಒಂದು ಪೀರಿಯಡ್ಡು ಸ್ಟಿಕರ್ ಹಾಕಿಕೊಂಡರೆ ಆ ಭಯ ಅರ್ಥವಾಗುತ್ತದೆ ಅನ್ನುವುದು ಸುಮ್ನೆ ಮಾತು. ಅದರ ಬದಲು ಪ್ರತಿ ಆದೇಶಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಕೆಲಸ ಮಾಡಿದವರು ಯಾರು? ಗುಮಾಸ್ತ, ಪಾದ್ರಿ, ಪೊಲೀಸ್ ಅಂತ ಬರೆಯುತ್ತಾ ಹೋಗುತ್ತಾರೆ. ನಕ್ಷತ್ರ ಅಚ್ಚು ಹಾಕಿದ್ದು ಬರ್ಲಿನ್ನಿನ ಒಂದು ಬಾವುಟದ ಕಾರ್ಖಾನೆ ಅಂದಾಗ ಪೆನ್ನು ನಿಲ್ಲುತ್ತದೆ.

ಕೊನೆಗೆ, ಆಗ ಜರ್ಮನಿಯ ವಶದಲ್ಲಿದ್ದ ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್. 1943ರ ಮಾರ್ಚ್ 27ರ ರಾತ್ರಿ ಕಲಾವಿದ ವಿಲೆಮ್ ಅರೊಂಡೇಯಸ್ ಮತ್ತು ಗೆಳೆಯರು ಪೊಲೀಸರ ವೇಷದಲ್ಲಿ ನುಗ್ಗಿ, ಯಾರು ಯೆಹೂದಿ ಅಂತ ತಿಳಿಸುವ ಕಾರ್ಡುಗಳಿದ್ದ ಜನಸಂಖ್ಯಾ ಕಚೇರಿಗೆ ಬೆಂಕಿ ಇಟ್ಟರು. ಸುಟ್ಟದ್ದು ಒಂದು ಪಾಲು ಕಾರ್ಡು ಮಾತ್ರ. ಸಿಕ್ಕಿಬಿದ್ದವರಲ್ಲಿ 12 ಜನರನ್ನು ಗುಂಡಿಟ್ಟು ಕೊಂದರು. ಕಾರ್ಡು ಸುಟ್ಟರೆ ಏನು ಪ್ರಯೋಜನ ಅಂತ ಅಷ್ಟು ಹೊತ್ತಿಗೆ ಯಾರೂ ಕೇಳುವುದಿಲ್ಲ. ನಕಲು ಪ್ರತಿ ಬೇರೆಲ್ಲಾದರೂ ಇತ್ತಾ ಅಂತ ಕೇಳುತ್ತಾರೆ. ಇತ್ತು, ಹೇಗ್ ನಗರದಲ್ಲಿ. 1944ರ ಏಪ್ರಿಲ್‌ನಲ್ಲಿ ಬ್ರಿಟಿಷ್ ವಿಮಾನಗಳು ಹುಡುಕಿಕೊಂಡು ಹೋಗಿ ಆ ಕಟ್ಟಡಕ್ಕೇ ಬಾಂಬ್ ಹಾಕಿದವು.