ಮುತ್ತಾತನ ಟೀ ಸೆಟ್ಟು, ನಾನು ಕೆಡಿಸಿದ ಫೋರ್ಕು

ಮುತ್ತಾತ ಮೈಸೂರು ಸರ್ಕಾರದಲ್ಲಿ ಅಮಲ್ದಾರರಾಗಿದ್ದವರು. ಬಸವನಗುಡಿ ಮನೆಯ ಅಟ್ಟದ ಮೇಲೆ ಅವರ ಟ್ರಂಕು ಸಿಕ್ಕಿದಾಗ ಒಳಗಿನ ಸಾಮಾನೆಲ್ಲ ಬಾಣಲೆಯ ತಳದಂತೆ ಕಪ್ಪಾಗಿತ್ತು: ಟೀ ಪಾಟು, ಹಾಲಿನ ಜಗ್ಗು, ವಿಸಿಟಿಂಗ್ ಕಾರ್ಡಿನ ಪುಟ್ಟ ತಟ್ಟೆ, ಹನ್ನೆರಡು ಫೋರ್ಕು. ಎಲ್ಲವೂ ಗಟ್ಟಿ ಬೆಳ್ಳಿ ಎಂದೇ ಅಜ್ಜಿ ಹೇಳುತ್ತಿದ್ದರು.

ಆತುರ ನನ್ನದೇ. ಹಲ್ಲುಪುಡಿ ಹಾಕಿ ಒಂದು ಫೋರ್ಕನ್ನು ತಿಕ್ಕಿದೆ. ಹೊಳಪು ಬಂತು, ಆದರೆ ಹಲ್ಲುಗಳ ತುದಿಯಲ್ಲಿ ನಸು ಹಳದಿ ಲೋಹ ಕಾಣಿಸಿತು. ಭೂತಗನ್ನಡಿ ಹಿಡಿದು ಹಿಡಿಯ ಹಿಂಬದಿ ನೋಡಿದರೆ ‘ಇಪಿಎನ್‌ಎಸ್’ ಎಂಬ ಮುದ್ರೆ: ನಿಕ್ಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಹಿಡಿಸಿದ ಬೆಳ್ಳಿಯ ಲೇಪ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ನರು ಈ ಲೇಪದ ವಿಧಾನಕ್ಕೆ 1840ರಲ್ಲಿ ಪೇಟೆಂಟ್ ಪಡೆದ ಮೇಲೆ, ಸಂಬಳದ ಮೇಲೆ ಬದುಕುವವರ ಮೇಜೂ ಸಾಹೇಬರ ಮೇಜಿನಂತೆ ಹೊಳೆಯಿತು. ಮುತ್ತಾತನಿಗೆ ಬೇಕಾಗಿದ್ದದ್ದೂ ಅದೇ. ಬಂದವರ ಕಾರ್ಡನ್ನು ಆಳು ತಟ್ಟೆಯಲ್ಲಿಟ್ಟು ಒಳಗೆ ತರುವುದು ಸಾಹೇಬರ ಬಂಗಲೆಗಳ ಶಿಷ್ಟಾಚಾರ; ನಮ್ಮ ಜಗಲಿಯಲ್ಲೂ ಅದು ನಡೆಯಿತು.

ಟೀ ಪಾಟು ಮಾತ್ರ ಅಪ್ಪಟ. ತಳದಲ್ಲಿ ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಮುದ್ರೆಯಿದೆ. 1849ರಲ್ಲಿ ಶುರುವಾದ ಅಂಗಡಿ ಅದು. ಲಂಡನ್ನಿನ ಬೆಳ್ಳಿಗೆ ಶುದ್ಧತೆ ಪರೀಕ್ಷಿಸಿ ಒತ್ತಿದ ನಡೆಯುವ ಸಿಂಹದ ಮುದ್ರೆ, ವರ್ಷ ಸೂಚಿಸುವ ಅಕ್ಷರ ಎಲ್ಲ ಇರುತ್ತವೆ. ಇಲ್ಲಿ ಅಂಥ ಪರೀಕ್ಷೆ ಕಡ್ಡಾಯವಿರಲಿಲ್ಲ, ತಯಾರಕರ ಹೆಸರೇ ಆಧಾರ. ಮೈತುಂಬ ದೇವರುಗಳನ್ನು ಉಬ್ಬಿಸಿದ ಈ ಕೆಲಸಕ್ಕೆ ‘ಸ್ವಾಮಿ’ ಕೆಲಸ ಎನ್ನುತ್ತಾರೆ, ಬ್ರಿಟಿಷರಿಗೆ ಅದು ಅಚ್ಚುಮೆಚ್ಚಾಗಿತ್ತು. ಅಷ್ಟು ದೇವರಿದ್ದರೂ ಆ ಪಾಟು ಒಮ್ಮೆಯೂ ನಮ್ಮ ಅಡುಗೆಮನೆ ಹೊಸ್ತಿಲು ದಾಟಿರಲಿಲ್ಲವಂತೆ. ಬೆಳ್ಳಿಗೆ ಮೈಲಿಗೆಯಿಲ್ಲ ಎನ್ನುವ ಅಜ್ಜಿಯರೇ ದೊರೆಗಳು ಟೀ ಕುಡಿದ ಪಾತ್ರೆಯನ್ನು ನಡುಮನೆಯ ಬೀರುವಿನಲ್ಲೇ ಉಳಿಸಿದರು.

ಅದನ್ನು ನಾನು ಬಿಸಿನೀರಿಗೆ ಹಾಕಲಿಲ್ಲ. ಹಿಡಿ ಕೈ ಸುಡದಂತೆ ಅದರ ಎರಡೂ ತುದಿಗೆ ತೆಳು ದಂತದ ಬಿಲ್ಲೆ ಕೂರಿಸಿದ್ದಾರೆ, ನೆನೆದರೆ ಬಿರುಕು ಬಿಡುತ್ತದೆ. ಉಗುರುಬೆಚ್ಚನೆಯ ಅಂಟುವಾಳದ ನೀರಲ್ಲಿ ಹಳೇ ಪಂಚೆಯ ಚೂರು ಅದ್ದಿ ಹಿಂಡಿ, ಬಿಲ್ಲೆಗೆ ತಾಗದಂತೆ ಒರೆಸಿದೆ. ಆಮೇಲೆ ಗಾಳಿಸಿದ ನುಣ್ಣನೆ ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ ಬೆರಳತುದಿಯಿಂದ ಉಬ್ಬಿದ ಭಾಗಕ್ಕಷ್ಟೇ ಸವರಿದೆ. ಸಂದಿಯ ಕಪ್ಪನ್ನು ಮುಟ್ಟಲಿಲ್ಲ. ಅದು ಹೋದರೆ ಗಣಪತಿಯ ಸೊಂಡಿಲು ಹೊಟ್ಟೆಯಲ್ಲಿ ಕರಗಿದಂತೆ ಕಾಣುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ, ಅಲ್ಯೂಮಿನಿಯಂ ಹಾಳೆ ಹಾಕಿ ಕಪ್ಪು ತೆಗೆಯುವ ಉಪಾಯ ಕೆತ್ತನೆಯಿಲ್ಲದ ಜಗ್ಗಿಗೆ ಸಾಕು, ಇದಕ್ಕೆ ಬೇಡ. ಕಟ್ಟಿಡುವಾಗ ಹತ್ತಿಬಟ್ಟೆಯೇ ಸರಿ. ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ.

ಒಬ್ಬ ವ್ಯಾಪಾರಿ ಪಾಟನ್ನು ತೂಕಕ್ಕೆ ಹಾಕಿ, ಕರಗಿಸುವ ಬೆಲೆ ಹೇಳಿದರು. ಆ ಕೈಕೆಲಸಕ್ಕೆ ಬೆಲೆಯೇ ಇಲ್ಲವೆಂಬಂತೆ ಮಾತಾಡಿದ್ದು ನನಗೆ ಇವತ್ತಿಗೂ ನೋವು. ಸುತ್ತಿಕೊಂಡು ಬಂದೆ.

ಫೋರ್ಕಿಗೆ ಮತ್ತೆ ಲೇಪ ಹಾಕಿಸಬಹುದು. ಅದಕ್ಕೆ ಮೊದಲು ಉಜ್ಜಿ ನುಣುಪು ಮಾಡಬೇಕು, ಆಗ ಹಿಡಿಯ ಮೇಲಿನ ಮುತ್ತಾತನ ಹೆಸರಿನ ಮೊದಲಕ್ಷರಗಳು ಅಳಿಯುತ್ತವೆ. ಈಗಲೇ ಅವು ಕಣ್ಣಿಗಿಂತ ಹೆಬ್ಬೆರಳಿಗೇ ಚೆನ್ನಾಗಿ ತಿಳಿಯುತ್ತವೆ. ಹಳದಿ ತುದಿಯ ಫೋರ್ಕನ್ನು ಹಾಗೇ ಇಟ್ಟಿದ್ದೇನೆ.