ತಿಮಿಂಗಿಲದ ಉಸಿರನ್ನು ಗುರುತಿಸುವುದು ಹೇಗೆ?

ದೋಣಿಯಲ್ಲಿ ಕುಳಿತಾಗ ಬಾಲವನ್ನಲ್ಲ, ಮೊದಲು ಉಸಿರನ್ನು ಹುಡುಕಿ. ಕ್ಷಿತಿಜದ ಗೆರೆಯ ಮೇಲೆ ನಿಧಾನವಾಗಿ ಕಣ್ಣು ಹಾಯಿಸಿ. ಬಿಳಿ ಆವಿ ನೇರವಾಗಿ 9 ಮೀಟರ್‌ವರೆಗೆ ಚಿಮ್ಮಿದರೆ ನೀಲಿ ತಿಮಿಂಗಿಲವಿರಬಹುದು. ಮುಂದಕ್ಕೆ, ಎಡಕ್ಕೆ ಬಾಗಿದ್ದರೆ ಸ್ಪರ್ಮ್ ತಿಮಿಂಗಿಲವೇ ಸರಿ. ಅದರ ಉಸಿರುರಂಧ್ರ ತಲೆಯ ಎಡತುದಿಯಲ್ಲಿದೆ. ಕನಿಷ್ಠ 100 ಮೀಟರ್ ದೂರವಿರಿ, ದಾರಿಗೆ ಅಡ್ಡ ಹೋಗಬೇಡಿ.

ತಿಮಿಂಗಿಲ ಮುಳುಗಿದ ಮೇಲೂ ಆ ಜಾಗವನ್ನೇ ನೋಡುತ್ತಿರಿ. ನಾನು ಒಮ್ಮೆ ಕಂಡದ್ದು ಇಟ್ಟಿಗೆಯ ಪುಡಿ ಕಲಸಿದಂತಹ ಕೆಂಪು ಮೋಡ, ಅಲೆಯ ಮೇಲೆ ಮೆಲ್ಲನೆ ಹರಡುತ್ತಿತ್ತು. ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿಗಳನ್ನು ತಿಂದ ತಿಮಿಂಗಿಲದ ಮಲ ಅದು. ದಯವಿಟ್ಟು ಮುಖ ತಿರುಗಿಸಬೇಡಿ! ಅದರಲ್ಲಿರುವ ಕಬ್ಬಿಣಾಂಶ ಸಸ್ಯಪ್ಲವಕಗಳಿಗೆ, ಅಂದರೆ ನೀರಿನಲ್ಲಿ ತೇಲುವ ಸಸ್ಯದಂಥ ಸೂಕ್ಷ್ಮಜೀವಿಗಳಿಗೆ, ಗೊಬ್ಬರ. ಆ ಪ್ಲವಕಗಳನ್ನು ತಿಂದೇ ಕ್ರಿಲ್ ಬೆಳೆಯುತ್ತದೆ. ಬಣ್ಣವನ್ನೂ ಸಮಯವನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ.